ತವರಿಗೆ ಹೊರಟ ಹಳೆಯ ಮೋಟಾರು

ರಾಯಪುರಂ ಎಂದೊಡನೆ ಮದರಾಸಿನ ಹಳಬರ ಕಣ್ಣಮುಂದೆ ನಿಲ್ಲುವುದು ಅಲ್ಲಿನ ರೈಲು ನಿಲ್ದಾಣ. 1856ನೆಯ ಇಸವಿಯ ಜೂನ್ 28ರಂದು ಗವರ್ನರ್ ಲಾರ್ಡ್ ಹ್ಯಾರಿಸರು ಆ ನಿಲ್ದಾಣವನ್ನು ಉದ್ಘಾಟಿಸಿದರು. ಜುಲೈ 1ರಿಂದ ಅಲ್ಲಿಂದ ವಾಲಾಜಾ ರೋಡಿನವರೆಗೆ ಸಾರ್ವಜನಿಕರಿಗಾಗಿ ರೈಲು ಓಡತೊಡಗಿತು. ದಕ್ಷಿಣ ಭಾರತದ ಪ್ರಥಮ ರೈಲುಮಾರ್ಗವಿದು. ಅದೇ ಹಳಿ ಪಶ್ಚಿಮಕ್ಕೆ ಬೆಳೆದು, ಜೋಲಾರಪೇಟೆಯಿಂದ ಕವಲೊಡೆದು, 1864ರಲ್ಲಿ ಬೆಂಗಳೂರು ದಂಡನ್ನು ಮುಟ್ಟಿತು. ಹಾಗಾಗಿ ಮದರಾಸಿನಲ್ಲಿ ಅನ್ನ ಸಂಪಾದಿಸುತ್ತ, ಕನ್ನಡನಾಡಿನಲ್ಲಿ ಹಿರಿಯರನ್ನು ಬಿಟ್ಟುಬಂದವರ 'ಊರಿಗೆ ಹೋಗುವ' ಸಂಪ್ರದಾಯದ ಮೂಲಸ್ಥಾನ ರಾಯಪುರಂ ಎಂದರೆ ಅತಿಶಯೋಕ್ತಿಯಾಗದು.

ರಾಯಪುರಂ ಬೇರೆ, ರಾಯಪೇಟೆ ಬೇರೆ. ಊರಿನ ನೆಂಟರು ಇವೆರಡನ್ನೂ ಕಲಸಿ ವಿಳಾಸ ಬರೆದು ಲಗ್ನಪತ್ರಿಕೆಗಳನ್ನು ದಾರಿ ತಪ್ಪಿಸುವುದುಂಟು. ರಾಯಪುರಂ ಇರುವುದು ನಗರದ ಉತ್ತರದಲ್ಲಿ, ಬಂದರಿಗೆ ಅಂಟಿಕೊಂಡು. ಸೇಂಟ್ ಪೀಟರನ ತಮಿಳು ನಾಮವಾದ ರಾಯಪ್ಪರ್ ಎಂಬುದರಿಂದ ಅದಕ್ಕೆ ಆ ಹೆಸರು ಬಂದಿತೆಂದು ಹೇಳುತ್ತಾರೆ. ಅಲ್ಲಿ ಆ ಸಂತನ ಇಗರ್ಜಿಯಿದೆ. 1910ರಲ್ಲಿ ಕಟ್ಟಿದ ಪಾರಸಿಗಳ ಅಗ್ನಿಮಂದಿರವಿದೆ. ಕಾಸಿಮೇಡಿನ ಮೀನುಗಾರಿಕಾ ಬಂದರು ಕೂಗಳತೆಯಲ್ಲಿದೆ. ಬಡಬಗ್ಗರ ಆಶ್ರಯವಾದ ಸ್ಟ್ಯಾನ್ಲಿ ಆಸ್ಪತ್ರೆ ಪಕ್ಕದಲ್ಲಿಯೇ ಇದೆ. ಇವೆಲ್ಲಕ್ಕೂ ಮೇಲಾಗಿ ಹಗಲಿರುಳೂ ಬೀಸುವ ಉಪ್ಪುಗಾಳಿಯಿದೆ. ಈ ಉಪ್ಪುಗಾಳಿಯ ಮಾತು ಮುಂದೆ ಬರಲಿದೆಯಾದ್ದರಿಂದ ವಾಚಕರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂತಹ ಬಡಾವಣೆಯ ಮನೆಯೊಂದರ ಪಕ್ಕದ ಓಣಿಯಲ್ಲಿ, ಟಾರ್ಪಾಲಿನ್ ಹೊದ್ದ ಹಳೆಯ ಮೋಟಾರೊಂದಿದೆಯೆಂದು ಭಾವಿಸಿಕೊಳ್ಳೋಣ. ಅದು ಫಿಯೆಟ್ ಇರಬಹುದು, ಅಂಬಾಸಿಡರ್ ಇರಬಹುದು, ಸ್ಟ್ಯಾಂಡರ್ಡ್ ಹೆರಾಲ್ಡ್ ಇರಬಹುದು. ಮನೆಯ ಹಿರಿಯರು ಅದನ್ನು ಕೊಂಡಾಗ ಅವರ ತಲೆಗೂದಲು ಕಪ್ಪಾಗಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟಿದ್ದು ಅದರಲ್ಲಿ, ಮಗಳನ್ನು ಧಾರೆಯೆರೆದು ಕಳುಹಿಸಿದ್ದು ಅದರಲ್ಲಿ. ಈಗ ಮಗನು ಹೊಸ ಕಾರು ಕೊಂಡಿದ್ದಾನೆ. ಅದರಲ್ಲಿ ತಂಪುಯಂತ್ರ ಮೊದಲ್ಗೊಂಡು ಸಕಲವೂ ಇದೆ. ಆದರೂ ಊರಿನಲ್ಲಿ ದೇವರಕಾರ್ಯವೋ ಮೊಮ್ಮಗನ ಉಪನಯನವೋ ನಿಶ್ಚಯವಾದ ಕೂಡಲೇ, ಎಂಬತ್ತರ ಸಮೀಪದಲ್ಲಿರುವ ಹಿರಿಯರು, "ಈ ಸಲ ನಮ್ಮ ಗಾಡಿಯಲ್ಲೇ ಹೋಗೋಣ ಕಣೋ, ಇನ್ನೊಂದು ಸಲಕ್ಕೆ ನಾನಿರುತ್ತೇನೋ ಇಲ್ಲವೋ" ಎನ್ನುತ್ತಾರೆ. ಈ ಮಾತಿಗೆ ಇಲ್ಲವೆನ್ನುವುದು ಮಗನಿಗೆ ಕಠಿಣ. ಹೂಂ ಎನ್ನುವುದು ಇನ್ನೂ ಕಠಿಣ. ಗಾಡಿಯನ್ನು ಮೆಕ್ಯಾನಿಕನಿಗೆ ತೋರಿಸಬೇಕೆಂದು ಎಲ್ಲರಿಗೂ ಹೊಳೆಯುತ್ತದೆ. ಅದರಲ್ಲಿ ಕುಳಿತುಕೊಳ್ಳುವ ಜೀವಗಳನ್ನು ವೈದ್ಯರಿಗೆ ತೋರಿಸಬೇಕೆಂದು ಹೊಳೆಯುವುದು ಅಪರೂಪ.

ಹಿರಿಯರ ಈ ಆಸೆಯನ್ನು ಹುಚ್ಚೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ತಿಳಿಯತಕ್ಕದ್ದು. ಮೋಟಾರಿನ ಚರಿತ್ರೆಯಲ್ಲಿ ಪ್ರಥಮ ದೂರಪ್ರಯಾಣವೆಂದು ದಾಖಲಾಗಿರುವುದೇ ತವರಿನ ಪ್ರಯಾಣ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಮಾನ್‌ಹೈಮ್ ಪಟ್ಟಣದಿಂದ ಬರ್ಥಾ ಬೆಂಜ್ ಎಂಬ ಮಹಿಳೆ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಮೋಟಾರನ್ನು, ಆತನಿಗೆ ಹೇಳದೆಯೇ ಹೊರಗೆಳೆದು, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿದ್ದ ಫೋರ್ಟ್ಸ್‌ಹೈಮಿಗೆ, ತನ್ನ ತಾಯಿಯ ಮನೆಗೆ ಹೊರಟಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ಏರುಗಳಲ್ಲಿ ಮಕ್ಕಳು ಇಳಿದು ನೂಕಿದರು. ಇಳಿಜಾರಿನಲ್ಲಿ ಮರದ ಬ್ರೇಕುಗಳು ಸವೆದಾಗ ಚಮ್ಮಾರನೊಬ್ಬನಿಂದ ಅವಕ್ಕೆ ತೊಗಲು ಹೊಡೆಸಿದಳು. ಇಂಧನ ಮುಗಿದಾಗ ವೀಸ್ಲಾಖ್ ಎಂಬ ಊರಿನಲ್ಲಿ ಆಕೆಗೆ ದ್ರಾವಕ ದೊರೆತದ್ದು ಔಷಧಿ ಅಂಗಡಿಯಲ್ಲಿ! ಲೋಕದ ಮೊದಲ ಪೆಟ್ರೋಲ್ ಬಂಕು ಔಷಧಿ ಅಂಗಡಿಯಾಗಿತ್ತೆಂಬುದು ಆರೋಗ್ಯದ ಲೇಖನಗಳನ್ನು ಓದುವವರಿಗೆ ಪ್ರಿಯವಾಗಬಹುದಾದ ವಿಷಯ. ಸಂಜೆಗೆ ತವರು ಸೇರಿದ ಬರ್ಥಾ ಪತಿಗೆ ತಂತಿ ಕಳುಹಿಸಿದಳಂತೆ. ಮುಂದೆ ಆಕೆ ತೊಂಬತ್ತೈದು ವರ್ಷ ಬಾಳಿದಳು.

ಮದರಾಸಿಗೆ ಮೋಟಾರು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1903ರಲ್ಲಿಯೇ ಸಿಂಪ್ಸನ್ ಸಂಸ್ಥೆಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಇಲ್ಲಿ ಉಗಿಯ ಕಾರೊಂದನ್ನು ಕಟ್ಟಿದ್ದನು. ರಾಯಪುರಂನಿಂದ ಉತ್ತರಕ್ಕೆ ಕಡಲ ತಡಿಯಲ್ಲಿಯೇ ಸಾಗಿದರೆ ಸಿಗುವ ಎಣ್ಣೂರಿನಲ್ಲಿ, 1948ರಲ್ಲಿ ಸ್ಥಾಪಿತವಾದ ಅಶೋಕ್ ಮೋಟಾರ್ಸ್ ಆಸ್ಟಿನ್ ಎ-40 ಕಾರುಗಳನ್ನು ಜೋಡಿಸಿತು. 1955ರಲ್ಲಿ ಅದು ಅಶೋಕ್ ಲೇಲ್ಯಾಂಡ್ ಎಂಬ ಹೆಸರು ತಾಳಿ ಲಾರಿ ಬಸ್ಸುಗಳ ಕಡೆಗೆ ತಿರುಗಿತು. ನಗರದ ದಕ್ಷಿಣದ ವಂಡಲೂರಿನ ಬಳಿ ಸ್ಟ್ಯಾಂಡರ್ಡ್ ಕಂಪೆನಿಯು 1961ರಿಂದ ಹೆರಾಲ್ಡ್ ಕಾರನ್ನು ತಯಾರಿಸಿತು. ಕನ್ನಡಿಗರ ಪಾಲೂ ಈ ಕಥೆಯಲ್ಲಿ ಇಲ್ಲದಿಲ್ಲ. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಬಂದು ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದ ಕೆ. ಕೃಷ್ಣರಾಯರು 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ಉಪಾಹಾರಗೃಹವನ್ನು ತೆರೆದರು. ಮರಗಳ ನೆರಳಿನಲ್ಲಿ ನಿಂತ ಅಂಬಾಸಿಡರು ಫಿಯೆಟ್ಟುಗಳ ಕಿಟಕಿಗೆ ತಟ್ಟೆ ಸಿಕ್ಕಿಸಿ ಮಸಾಲೆದೋಸೆ ತಿಂದ ಭಾಗ್ಯ ಮದರಾಸಿನ ಎರಡು ತಲೆಮಾರುಗಳಿಗೆ ದೊರಕಿತು. 2008ರಲ್ಲಿ ಅದು ಮುಚ್ಚಿತು. ಆ ಕಾರುಗಳೂ ಒಂದೊಂದಾಗಿ ಕಣ್ಮರೆಯಾದವು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು.

ಉಳಿದಿರುವ ಕಾರುಗಳ ಯಜಮಾನರಿಗೆ ಈಚೆಗೆ ಒಂದು ಆಕರ್ಷಣೆ ಒದಗಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಿಕೊಳ್ಳಲು ನಿಯಮ ರಚಿಸಿತು. ಇಪ್ಪತ್ತು ಸಾವಿರ ರೂಪಾಯಿ ಶುಲ್ಕ. ಸಂಖ್ಯಾಫಲಕದಲ್ಲಿ 'ವಿಎ' ಎಂಬ ಗೌರವದ ಅಕ್ಷರಗಳು. ಆದರೆ ಈ ಗೌರವ ಪಡೆದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ಸಂಶೋಧನೆ, ವಿಂಟೇಜ್ ರ್‍ಯಾಲಿ, ಇಂಧನ ತುಂಬಿಸುವಿಕೆ, ದುರಸ್ತಿ ಇಷ್ಟಕ್ಕೇ ಬೀದಿಗಿಳಿಯಬಹುದು. ತಾಯಿಯನ್ನು ನೋಡಲು ಹೋಗುವುದು ಈ ಪಟ್ಟಿಯಲ್ಲಿಲ್ಲ. ಊರಿಗೆ ಹೋಗುವ ಆಸೆಯುಳ್ಳವರು ಫಲಕದ ಮೋಹ ಬಿಟ್ಟು, ಸಾಮಾನ್ಯ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಂಡು ಹೋಗುವುದು ಲೇಸು. ಅದರ ಶುಲ್ಕ 2022ರ ಏಪ್ರಿಲಿನಿಂದ ಹಲವು ಪಟ್ಟು ಏರಿರುವುದೇನೋ ನಿಜ.

ಈಗ ಉಪ್ಪುಗಾಳಿಯ ಮಾತು. ಕಡಲಬದಿಯ ಮೋಟಾರಿಗೆ ತುಕ್ಕು ಹಿಡಿಯುವುದು ಮೇಲಿನಿಂದಲ್ಲ, ಕೆಳಗಿನಿಂದ. ಹೊರಗೆ ಬಣ್ಣ ಬಳಿಸಿ ಕನ್ನಡಿಯಂತೆ ಹೊಳೆಯುವ ಗಾಡಿಯ ಕಾಲಡಿಯ ತಗಡು ರಬ್ಬರಿನ ಹಾಸಿನ ಕೆಳಗೆ ಜರಡಿಯಾಗಿರುವುದುಂಟು. ಹೊಗೆಕೊಳವೆಯೂ ಅದೇ ಸ್ಥಿತಿಯಲ್ಲಿದ್ದರೆ ಎಂಜಿನ್ನಿನ ಹೊಗೆ ಹಿಂಭಾಗದಿಂದ ಹೊರಹೋಗುವ ಬದಲು ಕಾಲಡಿಯ ರಂಧ್ರಗಳಿಂದ ಒಳನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಈ ಅನಿಲದ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವು. ಆದುದರಿಂದ ಸ್ವಲ್ಪವೇ ಒಳಸೇರಿದರೂ ಅದು ರಕ್ತದಲ್ಲಿ ಬೀಡುಬಿಟ್ಟು ಪ್ರಾಣವಾಯುವಿಗೆ ಎಡೆಗೊಡುವುದಿಲ್ಲ. ಮೊದಲು ತಲೆನೋವು, ಅನಂತರ ಓಕರಿಕೆ, ತೂಕಡಿಕೆ, ಬುದ್ಧಿಮಾಂದ್ಯ, ಕೊನೆಗೆ ಪ್ರಜ್ಞಾಶೂನ್ಯತೆ. ದುರದೃಷ್ಟವಶಾತ್ ಇವೆಲ್ಲವೂ ಪ್ರಯಾಣದ ಆಯಾಸದ ಲಕ್ಷಣಗಳಂತೆಯೇ ತೋರುತ್ತವೆ. ಹಿಂದಿನ ಸೀಟಿನಲ್ಲಿ ಮಗು ವಾಂತಿ ಮಾಡಿಕೊಂಡರೆ 'ಗಾಡಿ ಹಿಡಿಸಲಿಲ್ಲ' ಎಂದು ನಿಂಬೆಹಣ್ಣು ಮೂಸಿಸಿ ಸುಮ್ಮನಾಗುತ್ತಾರೆ. ಒಬ್ಬರಿಗಿಂತ ಹೆಚ್ಚು ಮಂದಿಗೆ ಏಕಕಾಲದಲ್ಲಿ ತಲೆನೋವು ಬಂದರೆ, ಕೆಳಗಿಳಿದು ಗಾಳಿಯಲ್ಲಿ ನಿಂತೊಡನೆ ಕಡಿಮೆಯಾದರೆ, ಅದು ಪಿತ್ತವಲ್ಲ, ಹೊಗೆ ಎಂದೇ ತಿಳಿಯಬೇಕು. ಹೊರಡುವ ವಾರದ ಮೊದಲೇ ಹಾಸುಗಳನ್ನು ಎತ್ತಿ, ಗಾಡಿಯನ್ನು ಮೇಲೇರಿಸಿ, ತಳವನ್ನೂ ಹೊಗೆಕೊಳವೆಯನ್ನೂ ಪರೀಕ್ಷಿಸಿ ಬೆಸುಗೆ ಹಾಕಿಸತಕ್ಕದ್ದು. ಹಿಂದಿನ ಡಿಕ್ಕಿಯ ರಬ್ಬರು ಪಟ್ಟಿಯನ್ನೂ ಮರೆಯಬಾರದು. ಸಾಮಾನು ಹೆಚ್ಚಾಯಿತೆಂದು ಡಿಕ್ಕಿಯ ಬಾಗಿಲನ್ನು ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸುವವರು ಹೊಗೆಯನ್ನು ತಾವೇ ಒಳಗೆ ಆಹ್ವಾನಿಸುತ್ತಾರೆ.

ಹಳೆಯ ಕಾರುಗಳ ಇನ್ನೊಂದು ವೈಶಿಷ್ಟ್ಯ ಮುಂಭಾಗದಿಂದ ತೂರಿಸಿ ತಿರುಗಿಸುವ ಹ್ಯಾಂಡಲ್. ಬ್ಯಾಟರಿ ಕೈಕೊಟ್ಟಾಗ ಹಿರಿಯರು ಇದನ್ನು ತೆಗೆದು ಎರಡು ಸುತ್ತು ತಿರುಗಿಸಿ ಗಾಡಿಯನ್ನು ಎಬ್ಬಿಸುತ್ತಿದ್ದ ವೈಭವವನ್ನು ಮೊಮ್ಮಕ್ಕಳು ಕೇಳಿಯಷ್ಟೇ ಬಲ್ಲರು. ಆದರೆ ಈ ಹ್ಯಾಂಡಲಿಗೆ ವೈದ್ಯಶಾಸ್ತ್ರದಲ್ಲಿಯೂ ಒಂದು ಸ್ಥಾನವಿದೆ. ಕಿಡಿಯ ವೇಳೆ ತಪ್ಪಿದಾಗ ಎಂಜಿನ್ ಹಿಮ್ಮುಖವಾಗಿ ಒದೆಯುತ್ತದೆ. ಹ್ಯಾಂಡಲ್ ರಭಸದಿಂದ ತಿರುಗಿ ಅಂಗೈಗೆ ಬಡಿಯುತ್ತದೆ. ಮಣಿಕಟ್ಟಿನ ಹೆಬ್ಬೆರಳ ಕಡೆಯ ಎಲುಬಿನ ತುದಿ ಮುರಿಯುತ್ತದೆ. ಮೋಟಾರು ಯುಗದ ಆರಂಭದಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ ಶಸ್ತ್ರವೈದ್ಯರು ಇದಕ್ಕೆ 'ಷೋಫರನ ಮುರಿತ' ಎಂದೇ ಹೆಸರಿಟ್ಟರು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಮೇಲೆ ಈ ಮುರಿತ ಕ್ರಮೇಣ ವಿರಳವಾಯಿತು. ಹ್ಯಾಂಡಲ್ ಹಿಡಿಯುವ ಸರಿಯಾದ ಕ್ರಮವೆಂದರೆ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲಿಯೇ ಇಡುವುದು, ಎಂದಿಗೂ ಎದುರಿನಿಂದ ಸುತ್ತಿ ಹಿಡಿಯದಿರುವುದು. ಕೆಳಗಿನಿಂದ ಮೇಲಕ್ಕೆ ಎಳೆಯುವುದು, ಮೇಲಿನಿಂದ ಕೆಳಕ್ಕೆ ಒತ್ತದಿರುವುದು. ಹೀಗೆ ಮಾಡಿದರೆ ಒದೆ ಬಂದಾಗ ಹ್ಯಾಂಡಲ್ ಬೆರಳುಗಳಿಂದ ತಾನಾಗಿ ಕಳಚಿಕೊಳ್ಳುತ್ತದೆ. ಇಷ್ಟು ತಿಳಿದ ಮೇಲೂ, ಎಲುಬು ತೆಳುವಾಗಿರುವ ವಯಸ್ಸಿನಲ್ಲಿ ಈ ಸಾಹಸ ಬೇಡ. ಅದಕ್ಕೆ ಹೊಸ ಬ್ಯಾಟರಿಯೇ ಅಗ್ಗ. ರಾಯಪುರಂನವರ ಪುಣ್ಯಕ್ಕೆ ಕೈಗಳ ಶಸ್ತ್ರಚಿಕಿತ್ಸೆಗೆ ನಾಡಿನಲ್ಲೆಲ್ಲ ಹೆಸರಾದ ವಿಭಾಗವೊಂದು ಅವರ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿದೆ. ಪ್ರೊಫೆಸರ್ ಆರ್. ವೆಂಕಟಸ್ವಾಮಿಯವರು ಕಟ್ಟಿ ಬೆಳೆಸಿದ ವಿಭಾಗವದು. ಬಂದರಿನ, ಕಾರ್ಖಾನೆಗಳ ಕಾರ್ಮಿಕರ ಜಜ್ಜಿದ ಕೈಗಳು ಅಲ್ಲಿ ಮತ್ತೆ ಕೆಲಸ ಮಾಡಲು ಕಲಿತಿವೆ. ಹಾಗೆಂದು ಊರಿಗೆ ಹೊರಟವರು ಅಲ್ಲಿಗೆ ಹೋಗಬೇಕಾಗಿಲ್ಲ.

ಪೆಟ್ರೋಲಿನ ವಿಷಯದಲ್ಲಿ ಎರಡು ಮಾತು. ಈ ಹಳೆಯ ಎಂಜಿನ್ನುಗಳು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಎಂಜಿನ್ನಿಗೆ ಹಿತವಾಗಿದ್ದ ಆ ಸೀಸ ಮಕ್ಕಳ ಮಿದುಳಿಗೆ ವಿಷವಾಗಿತ್ತು. 1999ರ ಫೆಬ್ರುವರಿಯಲ್ಲಿ ಸೀಸದ ವಿಷದ ಕುರಿತು ಬೆಂಗಳೂರಿನಲ್ಲಿಯೇ ಅಂತಾರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಶಾಸ್ತ್ರಜ್ಞ ಡಾ. ಟಿ. ವೆಂಕಟೇಶ್ ಈ ವಿಷಯದಲ್ಲಿ ದೀರ್ಘಕಾಲ ದುಡಿದವರು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂದಿತು. ಹಳೆಯ ಗಾಡಿಯ ವಾಲ್ವುಗಳು ಬೇಗ ಸವೆಯುತ್ತವೆಂದು ಗೊಣಗುವ ಯಜಮಾನರು, ಆ ಸವೆತದ ಬದಲಿಗೆ ಮೊಮ್ಮಕ್ಕಳ ಬುದ್ಧಿ ಉಳಿಯಿತೆಂದು ಸಮಾಧಾನ ಪಟ್ಟುಕೊಳ್ಳಬಹುದು. ಈಗ ಬಂಕುಗಳಲ್ಲಿ ದೊರೆಯುವುದು ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಇದು ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸಿ ಸೋರುವಂತೆ ಮಾಡಬಲ್ಲದು. ಕೊಳವೆಗಳನ್ನು ಬದಲಿಸದೆ ಹೊರಡುವುದು ಬೆಂಕಿಯೊಡನೆ ಸರಸ. ಪೆಟ್ರೋಲು ಮುಗಿದಾಗ ಇನ್ನೊಂದು ಗಾಡಿಯಿಂದ ರಬ್ಬರು ಟ್ಯೂಬು ಹಾಕಿ ಬಾಯಿಂದ ಎಳೆಯುವ ಅಭ್ಯಾಸವಂತೂ ಸರ್ವಥಾ ಸಲ್ಲದು. ಒಂದು ಗುಟುಕು ಶ್ವಾಸಕೋಶಕ್ಕಿಳಿದರೆ ಭಯಂಕರವಾದ ನ್ಯುಮೋನಿಯಾ ಉಂಟಾಗುತ್ತದೆ. ಅಕಸ್ಮಾತ್ ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೂ ಅಪಾಯಕರ. ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಗಾಡಿಯ ಪರೀಕ್ಷೆ ಇಷ್ಟಾಯಿತು. ಒಳಗೆ ಕುಳಿತುಕೊಳ್ಳುವವರ ಪರೀಕ್ಷೆ ಇದಕ್ಕಿಂತ ಮುಖ್ಯ. 1954ರಲ್ಲಿ ಜಾನ್ ಹೋಮನ್ಸ್ ಎಂಬ ಅಮೆರಿಕದ ಶಸ್ತ್ರವೈದ್ಯನು, ಬಹುಕಾಲ ಕುಳಿತೇ ಇದ್ದುದರಿಂದ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ ಕೆಲವು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಅವರಲ್ಲಿ ವಿಮಾನದಲ್ಲಿ ಬಂದವರಿದ್ದಂತೆಯೇ ಮೋಟಾರಿನಲ್ಲಿ ಬಂದವರೂ ಇದ್ದರು. ಒಬ್ಬರು ನಾಟಕ ನೋಡುತ್ತ ಕುಳಿತಿದ್ದವರು. ನಾಲ್ಕು ಗಂಟೆಗೂ ಹೆಚ್ಚು ಅಲುಗಾಡದೆ ಪ್ರಯಾಣ ಮಾಡಿದರೆ ಈ ಸಂಭವ ಸುಮಾರು ಎರಡರಷ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರ ಮಾತಾದ್ದರಿಂದ ಗಾಬರಿ ಬೇಡ. ಆದರೆ ವೃದ್ಧರು, ಸ್ಥೂಲಕಾಯರು, ಗರ್ಭಿಣಿಯರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು ಎಚ್ಚರದಿಂದಿರಬೇಕು. ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಐದು ನಿಮಿಷ ನಡೆದಾಡಿಸುವುದು ಯಾವ ಮಾತ್ರೆಗಿಂತಲೂ ಮೇಲು. ಹಳೆಯ ಎಂಜಿನ್ನಿಗೂ ಅದೇ ವಿಶ್ರಾಂತಿ ಬೇಕಾಗಿರುವುದರಿಂದ ಒಂದೇ ಕಲ್ಲಿಗೆ ಎರಡು ಮಾವಿನಕಾಯಿ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಅಥವಾ ಪ್ರಯಾಣದ ಬಳಿಕ ಹಠಾತ್ತನೆ ಉಸಿರು ಕಟ್ಟಿದರೆ, ಎಣ್ಣೆ ತಿಕ್ಕುತ್ತ ಕುಳಿತಿರಬಾರದು.

ಬಚ್ಚಲಿನ ತೊಂದರೆಯಾಗುವುದೆಂದು ಹೆಂಗಸರು, ಅದರಲ್ಲಿಯೂ ವಯಸ್ಸಾದವರು, ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ಈ ಸಂಕೋಚ ಮೂತ್ರದ ಸೋಂಕಿಗೂ, ರಕ್ತ ಗಟ್ಟಿಯಾಗುವುದಕ್ಕೂ, ಬಿಸಿಲಿನ ಆಘಾತಕ್ಕೂ ದಾರಿ. ಎಲ್ಲೆಲ್ಲಿ ಶುಚಿಯಾದ ನಿಲುಗಡೆಯುಂಟೆಂದು ಗಂಡಸರು ಮೊದಲೇ ಗೊತ್ತುಮಾಡಿಕೊಂಡು ಅದನ್ನು ಮನೆಯಾಕೆಗೆ ತಿಳಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಅಂದು ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಬೇಕು, ತಾವೇ ಬಿಟ್ಟುಬಿಡಬಾರದು. ಇನ್ಸುಲಿನ್ ಸೀಸೆಯನ್ನು ಕಾರಿನ ಮುಂಭಾಗದ ಗೂಡಿನಲ್ಲಿಟ್ಟರೆ ಅದು ವೆಲ್ಲೂರಿನ ಬಿಸಿಲಿಗೆ ಬೆಂದು ನಿಸ್ಸತ್ವವಾಗುತ್ತದೆ. ಒದ್ದೆ ಬಟ್ಟೆ ಸುತ್ತಿದ ಪುಟ್ಟ ಮಣ್ಣಿನ ಕುಡಿಕೆ ಸಾಕು, ಮಂಜುಗಡ್ಡೆಗೆ ತಾಗಿಸಬಾರದು. ಮಧುಮೇಹಿಗಳು ಊಟದ ಹೊತ್ತು ಮೀರಿದಾಗ ಬೆವರಿ, ನಡುಗಿ, ತೊದಲತೊಡಗಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. ಈಚಿನ ವಾರಗಳಲ್ಲಿ ಹೃದಯಾಘಾತವಾದವರನ್ನು, ಬೆನ್ನೆಲುಬು ಟೊಳ್ಳಾದವರನ್ನು ಈ ಗಾಡಿಯಲ್ಲಿ ಕರೆದೊಯ್ಯದಿರುವುದೇ ಪ್ರೀತಿ. ಹಳೆಯ ಕಾರಿನ ಹಿಂದಿನ ಸೀಟು ಮೆತ್ತನೆಯ ಸೋಫಾದಂತಿದ್ದರೂ ರಸ್ತೆಯ ಉಬ್ಬಿನ ಮೇಲೆ ಅದು ಎತ್ತಿ ಕುಕ್ಕುವ ರಭಸಕ್ಕೆ ಬೆನ್ನಹುರಿಯ ಎಲುಬು ಕುಸಿಯಬಹುದು. ಅಂಥವರನ್ನು ರೈಲಿನಲ್ಲಿ ಕಳುಹಿಸಿ, ಬೆಂಗಳೂರು ದಂಡು ನಿಲ್ದಾಣದಲ್ಲಿ ಹಳೆಯ ಕಾರಿನಿಂದ ಎದುರುಗೊಂಡು ಮನೆಯವರೆಗೆ ಕರೆದೊಯ್ದರೆ, ಆಸೆಯೂ ತೀರಿತು, ಅಪಾಯವೂ ತಪ್ಪಿತು.

ಸೀಟುಪಟ್ಟಿ ಈ ಕಾರುಗಳಲ್ಲಿರುವುದಿಲ್ಲ. ಸ್ವೀಡನ್ನಿನ ನಿಲ್ಸ್ ಬೋಲಿನ್ ಮೂರು ಬಿಂದುಗಳ ಪಟ್ಟಿಯನ್ನು 1959ರಲ್ಲಿಯೇ ವೋಲ್ವೋ ಕಾರಿಗೆ ಅಳವಡಿಸಿದ್ದರೂ ನಮ್ಮ ದೇಶದಲ್ಲಿ ಮುಂದಿನ ಸೀಟಿಗೆ ಅದು ಕಡ್ಡಾಯವಾದದ್ದು 1994ರಲ್ಲಿ. ಅನುಭವಿ ಕೆಲಸಗಾರರಿಂದ ಗಾಡಿಯ ಗಟ್ಟಿ ಚೌಕಟ್ಟಿಗೆ ಪಟ್ಟಿ ಬಿಗಿಸಬಹುದು. ತುಕ್ಕುಹಿಡಿದ ತಗಡಿಗೆ ಬಿಗಿಸಿದ ಪಟ್ಟಿ ಅಲಂಕಾರಕ್ಕಷ್ಟೇ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಪದ್ಧತಿ ಹಳೆಯ ಕಾಲದ ಛಾಯಾಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ಲಿಯೇ ಇರಲಿ. ಗಂಟೆಗೆ ಐವತ್ತು ಕಿಲೋಮೀಟರಿನ ವೇಗದಲ್ಲಿ ಢಿಕ್ಕಿಯಾದರೆ ಯಾವ ತಾಯಿಯ ತೋಳೂ ಮಗುವನ್ನು ತಡೆಹಿಡಿಯಲಾರದು.

ಹೊರಡುವ ವೇಳೆ ಬೆಳಗಿನ ಐದು ಗಂಟೆ. ಅದಕ್ಕಿಂತ ತಡವಾದರೆ ಬಂದರಿನ ಕಂಟೇನರ್ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ರಾಯಪುರಂ ದಾಟುವುದರಲ್ಲೇ ರೇಡಿಯೇಟರ್ ಕುದಿಯುತ್ತದೆ. ಅದಕ್ಕಿಂತ ಮೊದಲಾದರೆ ಮಂಕಾದ ದೀಪಗಳೂ ಚಾಲಕನ ನಿದ್ದೆಗಣ್ಣೂ ಸೇರಿ ಕೆಡಿಸುತ್ತವೆ. ಪೂನಮಲ್ಲಿ ದಾಟಿ, ಮೇಲುಕೋಟೆಯ ನಂಟುಳ್ಳ ರಾಮಾನುಜಾಚಾರ್ಯರ ಜನ್ಮಸ್ಥಳವಾದ ಶ್ರೀಪೆರುಂಬುದೂರನ್ನು ದಾಟಿ, ರಾಣಿಪೇಟೆ ತಲುಪುವ ಹೊತ್ತಿಗೆ ಇಡ್ಲಿಯ ವೇಳೆ. ಇಲ್ಲಿಗೆ ಸಮೀಪದಲ್ಲಿಯೇ 1856ರ ಆ ಮೊದಲ ರೈಲು ನಿಂತ ವಾಲಾಜಾ ರೋಡ್ ಇದೆ. ಇಲ್ಲಿಂದ ದಾರಿ ಎರಡಾಗುತ್ತದೆ. ವೆಲ್ಲೂರು, ಕೃಷ್ಣಗಿರಿ, ಹೊಸೂರಿನ ಮೇಲೆ ಹೋಗುವುದು ಅಗಲವಾದ, ಅವಸರದ ದಾರಿ. ಚಿತ್ತೂರು, ಪಲಮನೇರು, ಮುಳಬಾಗಿಲು, ಕೋಲಾರದ ಮೇಲೆ ಹೋಗುವುದು ಹಿಂದಿನ ನಾಲ್ಕನೆಯ ನಂಬರಿನ ಹೆದ್ದಾರಿ. ಹಳೆಯ ಗಾಡಿಗೆ ಹಳೆಯ ದಾರಿಯೇ ಸೊಗಸು ಎನ್ನುವವರಿದ್ದಾರೆ; ಸುಮಾರು 340 ಕಿಲೋಮೀಟರು. ವೆಲ್ಲೂರಿನ ದಾರಿಯಲ್ಲಿ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿರುವುದು ರೋಗಿಗಳ ಜೊತೆ ಹೊರಟವರಿಗೆ ಒಂದು ಧೈರ್ಯ.

ಕಡಲ ಮಟ್ಟದಲ್ಲಿರುವ ರಾಯಪುರಂನಿಂದ ಸುಮಾರು 920 ಮೀಟರು ಎತ್ತರದ ಬೆಂಗಳೂರಿಗೆ ಏರಬೇಕಾದ ಗಾಡಿ ನಿಜವಾಗಿ ಶ್ರಮಪಡುವುದು ಚಿತ್ತೂರಿನ ಆಚೆ, ಮೊಗಿಲಿ ಘಟ್ಟದಲ್ಲಿ. ಅಲ್ಲಿಗೆ ಬಿಸಿಲೇರುವ ಮೊದಲೇ ಮುಟ್ಟಬೇಕು. ಕಾವಿಗೆ ಕೊಳವೆಯಲ್ಲಿನ ಪೆಟ್ರೋಲು ಆವಿಯಾಗಿ ಎಂಜಿನ್ ಉಸಿರುಗಟ್ಟಿ ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹದಿನೈದು ನಿಮಿಷ ಕಾಯುವುದು ಹಳೆಯ ಚಾಲಕರೆಲ್ಲ ಬಲ್ಲ ಚಿಕಿತ್ಸೆ. ರೇಡಿಯೇಟರ್ ಕುದಿದಾಗ ಅದರ ಮುಚ್ಚಳವನ್ನು ತಕ್ಷಣ ತಿರುಗಿಸಿದವರು ಮುಖ ಕೈ ಸುಟ್ಟುಕೊಂಡಿದ್ದಾರೆ. ಒಳಗಿನ ನೀರು ಒತ್ತಡದಲ್ಲಿರುವುದರಿಂದ ಚಿಲುಮೆಯಂತೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ತಣಿಯಲಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರಿನ ಧಾರೆ ಬಿಡಬೇಕೇ ಹೊರತು ಶಾಯಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಬಳಿಯಬಾರದು. ಮರಳಿ ಬರುವಾಗ ಇದೇ ಘಟ್ಟ ಇಳಿಜಾರಾಗುತ್ತದೆ. ಈ ಗಾಡಿಗಳ ಡ್ರಮ್ ಬ್ರೇಕುಗಳು ಎಡೆಬಿಡದೆ ತುಳಿದರೆ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಯಾವ ಗೇರಿನಲ್ಲಿ ಏರುತ್ತದೆಯೋ ಅದೇ ಗೇರಿನಲ್ಲಿ ಇಳಿಸಬೇಕೆಂಬುದು ಹಿಂದಿನವರ ಸೂತ್ರ. ಆ ಬ್ರೇಕಿನ ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರುವುದರಿಂದ ಅದರ ಧೂಳನ್ನು ಬಾಯಿಂದ ಊದುವ ಮೆಕ್ಯಾನಿಕ್ ಹುಡುಗನಿಗೂ ಒಂದು ಮಾತು ಹೇಳಿ ಒದ್ದೆ ಬಟ್ಟೆ ಕೊಡುವುದು ಧರ್ಮ.

ಚಾಲಕನು ಮಧ್ಯಾಹ್ನ ಹೊಟ್ಟೆ ಬಿರಿಯೆ ಮೊಸರನ್ನ ಉಂಡರೆ ಎರಡರಿಂದ ನಾಲ್ಕು ಗಂಟೆಯವರೆಗೆ ಕಣ್ಣು ಎಳೆಯುವುದು ಪ್ರಕೃತಿಧರ್ಮ. ನೆಗಡಿಯ ಮಾತ್ರೆ, ವಾಂತಿ ತಡೆಯುವ ಮಾತ್ರೆಗಳೂ ನಿದ್ದೆ ತರುತ್ತವಾದ್ದರಿಂದ ಅವು ಹಿಂದೆ ಕುಳಿತವರಿಗಷ್ಟೇ ಇರಲಿ. ತೂಕಡಿಕೆ ಬಂದಾಗ ಕಾಫಿ ಕುಡಿದು ಇಪ್ಪತ್ತು ನಿಮಿಷ ಮರದಡಿ ಮಲಗುವುದರಲ್ಲಿ ಯಾವ ಅವಮಾನವೂ ಇಲ್ಲ.

ಅಪಘಾತದ ಮಾತು ಶುಭಕಾರ್ಯಕ್ಕೆ ಹೊರಟವರ ಮುಂದೆ ಬೇಡವೆನಿಸಿದರೂ ಹೇಳದಿರಲಾಗದು. ಇದೇ ಹಳೆಯ ನಾಲ್ಕನೆಯ ಹೆದ್ದಾರಿ ಬೆಂಗಳೂರಿನಾಚೆ ತುಮಕೂರಿನ ಕಡೆಗೆ ಮುಂದುವರಿಯುವಲ್ಲಿ, 2016ರ ಫೆಬ್ರುವರಿಯಲ್ಲಿ ಹರೀಶ್ ಎಂಬ ಯುವಕ ಲಾರಿಗೆ ಸಿಲುಕಿ ದೇಹ ಎರಡಾಗಿ ಬಿದ್ದಿದ್ದಾಗಲೂ ತನ್ನ ಅಂಗಗಳನ್ನು ದಾನಮಾಡಿರೆಂದು ಕೇಳಿಕೊಂಡನು. ಅವನ ಕಣ್ಣುಗಳು ಇತರರಿಗೆ ಬೆಳಕಾದವು. ಆ ವರ್ಷವೇ ಕರ್ನಾಟಕ ಸರ್ಕಾರ ಗಾಯಾಳುಗಳ ತುರ್ತು ಚಿಕಿತ್ಸೆಗಾಗಿ ಅವನ ಹೆಸರಿನಲ್ಲಿ ಸಾಂತ್ವನ ಯೋಜನೆಯನ್ನು ಆರಂಭಿಸಿತು. ತಮಿಳುನಾಡು 2021ರ ಡಿಸೆಂಬರಿನಲ್ಲಿ, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು ಉಚಿತವಾಗಿಸುವ ಯೋಜನೆ ತಂದಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕನನ್ನು ಪೊಲೀಸರು ಪೀಡಿಸುವಂತಿಲ್ಲವೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೂ, 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯೂ ಅಭಯವಿತ್ತಿವೆ. ದಾರಿಯಲ್ಲಿ ಬೇರೆಯವರ ಗಾಡಿ ಉರುಳಿರುವುದು ಕಂಡರೆ ಕಣ್ಣು ಮುಚ್ಚಿ ಮುಂದೆ ಸಾಗಲು ಇನ್ನು ಕಾನೂನಿನ ನೆಪವಿಲ್ಲ. 108ಕ್ಕೆ ಫೋನು ಮಾಡಿ, ಕುತ್ತಿಗೆ ಅಲುಗಾಡಿಸದೆ, ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿಹಿಡಿದರೆ ಅದೇ ದೊಡ್ಡ ಉಪಕಾರ.

ಪಲಮನೇರು ದಾಟಿ ಕೊಂಚ ದೂರ ಬಂದರೆ ನಂಗಲಿ. ಅಲ್ಲಿಂದ ಕನ್ನಡದ ಫಲಕಗಳು ಆರಂಭ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಹಿರಿಯರು ಎಚ್ಚೆತ್ತು, ಕಿಟಕಿಯ ಗಾಜು ಇಳಿಸಿ, ಒಂದೊಂದನ್ನೇ ಗಟ್ಟಿಯಾಗಿ ಓದತೊಡಗುತ್ತಾರೆ; ಮದರಾಸಿನ ಶಾಲೆಯಲ್ಲಿ ಕನ್ನಡ ಕಲಿಯದ ಮೊಮ್ಮಗು ಅವರ ಹಿಂದೆಯೇ ಒತ್ತಕ್ಷರಗಳನ್ನು ತಪ್ಪುತ್ತ ಉಚ್ಚರಿಸುತ್ತದೆ. ಮುಳಬಾಗಿಲಿನಲ್ಲಿ ಆಂಜನೇಯನಿಗೊಂದು ನಮಸ್ಕಾರ, ಆ ಊರಿನ ಹೆಸರಿನ ದೋಸೆಗೊಂದು ನಿಲುಗಡೆ. ಕೋಲಾರ ಕಳೆದು ಬೆಂಗಳೂರಿನ ಹೊಗೆ ಎದುರಾಗುವಾಗ ಸಂಜೆಯ ಹೊತ್ತು. ಮಲೆನಾಡಿಗೋ ಕರಾವಳಿಗೋ ಹೋಗಬೇಕಾದವರು ಅಂದು ಅಲ್ಲಿಯೇ ತಂಗಬೇಕು. ಶಿರಾಡಿ, ಚಾರ್ಮಾಡಿ ಘಟ್ಟಗಳು ದಣಿದ ಚಾಲಕನಿಗಾಗಿ ಇರುವಂಥವಲ್ಲ.

ಮನೆಯ ಅಂಗಳದಲ್ಲಿ ಗಾಡಿ ನಿಂತಾಗ ಎಂಜಿನ್ನನ್ನು ಒಡನೆಯೇ ಆರಿಸದೆ ಎರಡು ನಿಮಿಷ ಹಾಗೆಯೇ ಓಡಲು ಬಿಟ್ಟರೆ ಅದರ ಕಾವು ಸಮನಾಗಿ ಇಳಿಯುತ್ತದೆ. ಹಿರಿಯರನ್ನೂ ಅಷ್ಟೇ, ಕೈಹಿಡಿದು ಒಮ್ಮೆಲೇ ಎಬ್ಬಿಸಬಾರದು. ಬಹಳ ಹೊತ್ತು ಕುಳಿತವರು ಥಟ್ಟನೆ ನಿಂತರೆ ರಕ್ತದೊತ್ತಡ ಕುಸಿದು ತಲೆ ಸುತ್ತಿ ಬೀಳುವುದುಂಟು. ಬಾಗಿಲು ತೆರೆದು, ಕಾಲು ಹೊರಗಿಟ್ಟು, ಒಂದು ಗಳಿಗೆ ಸೀಟಿನ ಅಂಚಿನಲ್ಲಿಯೇ ಕುಳಿತಿರಲಿ. ಜಗುಲಿಯಿಂದ ಇಳಿದು ಬರುವ ತಂಗಿಯೋ ನಾದಿನಿಯೋ ಅಷ್ಟರಲ್ಲಿ ನೀರಿನ ತಂಬಿಗೆ ಹಿಡಿದು ಬಂದು, "ಅಯ್ಯೋ, ಇನ್ನೂ ಇದೇ ಗಾಡಿಯೇ!" ಎನ್ನುತ್ತಾರೆ.